ಅಕ್ಷರ ಎಣಿಸಿ ಗುಟ್ಟು ಬಿಡಿಸಿದ ಅಲ್-ಕಿಂದಿ

ನಮ್ಮ ಮನೆಯಲ್ಲಿ ಒಗಟಿಗೆ ಮುಅಮ್ಮಾ ಎನ್ನುತ್ತೇವೆ. ಉರ್ದು ಪತ್ರಿಕೆಗಳಲ್ಲಿ ಬರುವ ಪದಬಂಧಕ್ಕೂ ಇದೇ ಹೆಸರು. ಇದು ಅರಬಿಯಿಂದ ಬಂದ ಪದ. ಸುಮಾರು 1150 ವರ್ಷಗಳ ಹಿಂದೆ ಬಾಗ್ದಾದಿನ ಒಬ್ಬ ವಿದ್ವಾಂಸರು ಇದೇ ಪದವನ್ನು ಹೆಸರಿನಲ್ಲಿಟ್ಟು ಒಂದು ಸಣ್ಣ ಗ್ರಂಥ ಬರೆದರು. ಗುಟ್ಟಿನ ಲಿಪಿಯಲ್ಲಿ ಬರೆದ ಪತ್ರವನ್ನು, ಅದರ ಕೀಲಿ ಗೊತ್ತಿಲ್ಲದವನು ಓದುವುದು ಹೇಗೆ ಎಂಬುದೇ ಆ ಗ್ರಂಥದ ವಿಷಯ. ಈ ವಿಷಯದ ಮೇಲೆ ಇವತ್ತು ಜಗತ್ತಿಗೆ ಸಿಕ್ಕಿರುವ ಪುಸ್ತಕಗಳಲ್ಲಿ ಅದೇ ಅತ್ಯಂತ ಹಳೆಯದು. ಬರೆದವರು ಅಬೂ ಯೂಸುಫ್ ಯಾಕೂಬ್ ಇಬ್ನ್ ಇಸ್‌ಹಾಕ್ ಅಲ್-ಕಿಂದಿ.

ಅವರು ಹುಟ್ಟಿದ್ದು ಕ್ರಿ.ಶ. 801ರ ಸುಮಾರಿಗೆ. ಆಗ ಖಲೀಫ ಹಾರೂನ್ ರಶೀದರ ಆಳ್ವಿಕೆ. ಕಿಂದಾ ಎಂಬುದು ಅರಬರ ಒಂದು ಹಳೆಯ ಬುಡಕಟ್ಟು, ಇಸ್ಲಾಮಿಗೆ ಮೊದಲು ಅವರಲ್ಲಿ ರಾಜರೂ ಇದ್ದರು. ತಂದೆ ಇಸ್‌ಹಾಕ್ ಕೂಫಾ ನಗರದ ಗವರ್ನರ್ ಆಗಿದ್ದವರು. ದೊಡ್ಡ ಮನೆತನ, ಹಣಕ್ಕೆ ಕೊರತೆ ಇಲ್ಲ. ಇಂಥ ಮನೆಯ ಹುಡುಗ ಅಧಿಕಾರಿಯಾಗುವುದು ಆ ಕಾಲದಲ್ಲಿ ಸಹಜವಾಗಿತ್ತು. ಅಲ್-ಕಿಂದಿ ಬಾಗ್ದಾದಿಗೆ ಹೋಗಿ ಓದಿಗೆ ಕೂತರು.

ಆಗಿನ ಬಾಗ್ದಾದ್ ಎಂದರೆ ಬೈತುಲ್ ಹಿಕ್ಮಾದ ಬಾಗ್ದಾದ್. ಖಲೀಫ ಮಾಮೂನರು 813ರಿಂದ 833ರವರೆಗೆ ಆಳಿದರು. ಗ್ರೀಕ್, ಸಿರಿಯಾಕ್, ಪಾರ್ಸಿ, ಸಂಸ್ಕೃತ ಮೂಲದ ಗ್ರಂಥಗಳು ಅರಬಿಗೆ ಬರುತ್ತಿದ್ದ ಕಾಲ ಅದು. ಅಲ್-ಕಿಂದಿಯವರಿಗೆ ಗ್ರೀಕ್ ಬರುತ್ತಿರಲಿಲ್ಲ ಎಂದೇ ವಿದ್ವಾಂಸರ ಅಭಿಪ್ರಾಯ. ಆದರೂ ಅನುವಾದಕರ ಒಂದು ಗುಂಪನ್ನು ಅವರು ನಡೆಸಿದರು. ಅರಿಸ್ಟಾಟಲ್‌ನ ಮೆಟಾಫಿಸಿಕ್ಸ್ ಅನ್ನು ಉಸ್ತಾಸ್ ಎಂಬ ಅನುವಾದಕರು ಇವರಿಗಾಗಿಯೇ ಅರಬಿಗೆ ತಂದರು. ಇನ್ನೊಂದು ಗ್ರಂಥವನ್ನು ಹಿಮ್ಸ್ ಊರಿನ ಕ್ರೈಸ್ತ ವಿದ್ವಾಂಸ ಇಬ್ನ್ ನಾಯಿಮಾ ಅನುವಾದಿಸಿದರು, ಅದರ ಭಾಷೆಯನ್ನು ಅಲ್-ಕಿಂದಿ ತಿದ್ದಿದರು. ಸತ್ಯ ದೂರದ ಜನಾಂಗದಿಂದ ಬಂದರೂ ಅದನ್ನು ಸ್ವೀಕರಿಸಲು ನಾಚಬಾರದು ಎಂಬ ವಾದವನ್ನು ಅವರು ತಮ್ಮ ಮುಖ್ಯ ತತ್ತ್ವಶಾಸ್ತ್ರ ಗ್ರಂಥದ ಆರಂಭದಲ್ಲೇ ಮುಂದಿಟ್ಟಿದ್ದಾರೆ. ಆ ಗ್ರಂಥವನ್ನು ಅರ್ಪಿಸಿದ್ದು ಮಾಮೂನರ ನಂತರ ಬಂದ ಖಲೀಫ ಮುಅತಸಿಮರಿಗೆ. ಮುಅತಸಿಮರ ಮಗ ಅಹ್ಮದ್‌ಗೆ ಅಲ್-ಕಿಂದಿಯವರೇ ಉಸ್ತಾದ್.

ಅವರು ಏನೇನು ಬರೆದರು ಎಂದು ನೋಡಿದರೆ ನಮ್ಮ ಕಾಲೇಜಿನ ಮೂರೂ ವಿಭಾಗಗಳಿಗೆ ಹಂಚಬಹುದು. ಬೆಳಕು, ಸಂಗೀತ, ಔಷಧ, ನಕ್ಷತ್ರ, ಅತ್ತರು ತಯಾರಿಕೆ, ಕತ್ತಿಗಳ ಉಕ್ಕು. ಕತ್ತಿಗಳ ಪುಸ್ತಕದಲ್ಲಿ ಯಮನಿನ, ಹಿಂದೂಸ್ತಾನದ ಮತ್ತು ಸಿಂಹಳದ ಕತ್ತಿಗಳ ವಿಚಾರ ಇದೆ. ನಮ್ಮ ದೇಶದ ಅಂಕಿಗಳಿಂದ ಲೆಕ್ಕ ಮಾಡುವುದು ಹೇಗೆ ಎಂಬುದರ ಮೇಲೂ ನಾಲ್ಕು ಭಾಗಗಳ ಗ್ರಂಥ ಬರೆದರು. ಆ ಅಂಕಿಗಳಲ್ಲಿ ಸೊನ್ನೆಗೆ ಅರಬಿಯಲ್ಲಿ ಸಿಫ್ರ್ ಎಂದು ಹೆಸರು. ಗುಟ್ಟಿನ ಲಿಪಿಗೆ ಇಂಗ್ಲಿಷಿನಲ್ಲಿ ಸೈಫರ್ ಎನ್ನುವುದು ಇದೇ ಪದದಿಂದ ಬಂದದ್ದು. ಹತ್ತನೇ ಶತಮಾನದಲ್ಲಿ ಬಾಗ್ದಾದಿನ ಇಬ್ನ್ ನದೀಮ್ ಎಂಬವರು ಅರಬಿ ಪುಸ್ತಕಗಳ ದೊಡ್ಡ ಪಟ್ಟಿ ಮಾಡಿದರು. ಅದರಲ್ಲಿ ಅಲ್-ಕಿಂದಿಯವರ ಹೆಸರಿನಲ್ಲಿ ಸುಮಾರು 240 ಬರಹಗಳಿವೆ. ಹೆಚ್ಚಿನವು ಇವತ್ತು ಇಲ್ಲ.

ಉಳಿದವುಗಳಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಮುಅಮ್ಮಾ ಗ್ರಂಥ. ಅಬ್ಬಾಸಿ ಆಡಳಿತ ನಡೆಯುತ್ತಿದ್ದುದು ಕಾಗದದ ಮೇಲೆ. ದೂರದ ಪ್ರಾಂತ್ಯಗಳಿಗೆ ಆಜ್ಞೆಗಳು ಹೋಗಬೇಕು, ಕಂದಾಯದ ಲೆಕ್ಕ ಬರಬೇಕು. ದಾರಿಯಲ್ಲಿ ಯಾರ ಕೈಗಾದರೂ ಸಿಕ್ಕರೆ ಓದಬಾರದು. ಅದಕ್ಕಾಗಿ ದಫ್ತರಿನ ಬರಹಗಾರರು ಒಂದು ಅಕ್ಷರದ ಜಾಗದಲ್ಲಿ ಇನ್ನೊಂದು ಅಕ್ಷರ ಅಥವಾ ಗುರುತು ಹಾಕಿ ಬರೆಯುತ್ತಿದ್ದರು. ಚಿಕ್ಕವರಿದ್ದಾಗ ನಾವು ಆಡುತ್ತಿದ್ದ ಫೇ ಕಿ ಬೋಲಿ, ಕನ್ನಡದ ಮಕ್ಕಳ ಕ-ಭಾಷೆ, ಇವುಗಳ ದೊಡ್ಡಣ್ಣ ಎನ್ನಬಹುದು. ಅಕ್ಷರಗಳನ್ನು ಅದಲು ಬದಲು ಮಾಡುವ ರೀತಿಗಳು ಲೆಕ್ಕವಿಲ್ಲದಷ್ಟು. ಒಂದೊಂದಾಗಿ ಪ್ರಯತ್ನಿಸುತ್ತ ಹೋದರೆ ಆಯುಷ್ಯವೇ ಸಾಲದು. ಆದ್ದರಿಂದ ಇದು ಬಿಡಿಸಲಾಗದ ಗುಟ್ಟು ಎಂದು ಬರೆದವರು ನಿಶ್ಚಿಂತೆಯಿಂದ ಇರುತ್ತಿದ್ದರು.

ಅಲ್-ಕಿಂದಿ ಬೇರೆ ದಾರಿ ಹಿಡಿದರು. ಅವರು ಎಣಿಸಿದರು. ಮೊದಲು ಅದೇ ಭಾಷೆಯ ಮಾಮೂಲಿ ಬರಹವೊಂದನ್ನು ತೆಗೆದುಕೊಳ್ಳಬೇಕು. ಅದರಲ್ಲಿ ಯಾವ ಅಕ್ಷರ ಎಷ್ಟು ಸಲ ಬಂದಿದೆ ಎಂದು ಲೆಕ್ಕ ಹಾಕಬೇಕು. ಆಮೇಲೆ ಗುಟ್ಟಿನ ಪತ್ರದಲ್ಲಿ ಯಾವ ಗುರುತು ಎಷ್ಟು ಸಲ ಬಂದಿದೆ ಎಂದು ಎಣಿಸಬೇಕು. ಪತ್ರದಲ್ಲಿ ಎಲ್ಲಕ್ಕಿಂತ ಹೆಚ್ಚು ಬಂದ ಗುರುತು ಭಾಷೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬರುವ ಅಕ್ಷರ ಆಗಿರಬೇಕು, ಎರಡನೆಯದು ಎರಡನೆಯದು, ಹೀಗೆ. ಅಕ್ಷರಕ್ಕೆ ವೇಷ ಹಾಕಬಹುದು. ಆದರೆ ಅದು ಎಷ್ಟು ಸಲ ಬರುತ್ತದೆ ಎಂಬುದಕ್ಕೆ ವೇಷ ಹಾಕಲಾಗುವುದಿಲ್ಲ. ಅರಬಿ ಬರಹವೊಂದರಲ್ಲಿ ಅವರು ಒಟ್ಟು 3,667 ಅಕ್ಷರಗಳನ್ನು ಎಣಿಸಿದರು. ಅಲಿಫ್ 600, ಲಾಮ್ 437, ಮೀಮ್ 320. ಆರು ಅಕ್ಷರಕ್ಕೆ ಸುಮಾರು ಒಂದು ಅಲಿಫ್. ನಮ್ಮ ಸಂಖ್ಯಾಶಾಸ್ತ್ರದ ತರಗತಿಯಲ್ಲಿ ನಾಲ್ಕು ಗೀಟು ಹಾಕಿ ಐದನೆಯದನ್ನು ಅಡ್ಡ ಎಳೆದು ಆವೃತ್ತಿ ಪಟ್ಟಿ ಮಾಡುತ್ತೇವಲ್ಲ, ಅದೇ ಕೆಲಸ. ಅಂಕಗಳ ಬದಲು ಅಕ್ಷರಗಳು, ಅಷ್ಟೇ.

ಮನೆಗೆ ಬರುವ ಉರ್ದು ಪತ್ರಿಕೆಯ ಒಂದು ಅಂಕಣವನ್ನು ನಾನೂ ಎಣಿಸಿ ನೋಡಿದೆ. ಉರ್ದುವಿನಲ್ಲೂ ಅಲಿಫ್‌ಗೇ ಮೊದಲ ಸ್ಥಾನ. ಕನ್ನಡದಲ್ಲಿ ಎಣಿಸಲು ಹೊರಟರೆ ಮೊದಲೇ ಒಂದು ತೀರ್ಮಾನ ಮಾಡಬೇಕಾಗುತ್ತದೆ: ಕಾ ಎಂಬುದು ಒಂದೋ, ಎರಡೋ? ಒತ್ತಕ್ಷರವನ್ನು ಹೇಗೆ ಲೆಕ್ಕ ಹಿಡಿಯುವುದು? ಕನ್ನಡ ಉಪನ್ಯಾಸಕರು ಯಾರಾದರೂ ಇದನ್ನು ಪ್ರಾಜೆಕ್ಟ್ ಆಗಿ ಕೊಟ್ಟರೆ ಮಾಡಲು ನಾನು ಸಿದ್ಧ.

ಎಣಿಕೆಯೊಂದೇ ಸಾಲದು ಎಂಬುದೂ ಅಲ್-ಕಿಂದಿಯವರಿಗೆ ಗೊತ್ತಿತ್ತು. ಪತ್ರ ಚಿಕ್ಕದಾಗಿದ್ದರೆ ಲೆಕ್ಕ ದಾರಿ ತಪ್ಪಿಸುತ್ತದೆ. ನಾಲ್ಕು ಸಾಲಿನ ಪತ್ರದಲ್ಲಿ ಅಲಿಫ್ ಕಡಿಮೆ ಬಂದಿರಲೂಬಹುದು. ಆಗ ಇನ್ನೂ ಎರಡು ಉಪಾಯ. ಅರಬಿಯಲ್ಲಿ ಕೆಲವು ಅಕ್ಷರಗಳು ಒಂದರ ಪಕ್ಕ ಒಂದು ಬರುವುದೇ ಇಲ್ಲ, ಕೆಲವು ಸದಾ ಜೊತೆಯಾಗಿ ಬರುತ್ತವೆ. ಅದನ್ನು ನೋಡಿ ಊಹೆಯನ್ನು ಸರಿ ಮಾಡಿಕೊಳ್ಳಬೇಕು. ಎರಡನೆಯದು ಪತ್ರದ ಆರಂಭ. ಯಾರೇ ಬರೆದರೂ ಪತ್ರ ರೂಢಿಯ ಮಾತಿನಿಂದಲೇ ಶುರುವಾಗುತ್ತದೆ, ಬಿಸ್ಮಿಲ್ಲಾ ಇರುತ್ತದೆ. ಮೊದಲ ಸಾಲಿನಲ್ಲಿ ಏನಿದೆ ಎಂದು ಗೊತ್ತಾದರೆ ಎಷ್ಟೋ ಅಕ್ಷರಗಳ ವೇಷ ಅಲ್ಲೇ ಕಳಚುತ್ತದೆ. ಯುರೋಪಿನವರು ಈ ವಿದ್ಯೆಯನ್ನು ಬರೆದಿಟ್ಟದ್ದು ಸುಮಾರು ಆರು ನೂರು ವರ್ಷಗಳ ನಂತರ. 1586ರಲ್ಲಿ ಸ್ಕಾಟ್ಲೆಂಡಿನ ರಾಣಿ ಮೇರಿ ಸೆರೆಯಲ್ಲಿದ್ದುಕೊಂಡು ಗುಟ್ಟಿನ ಲಿಪಿಯಲ್ಲಿ ಬರೆಸಿದ ಪತ್ರಗಳನ್ನು ಇಂಗ್ಲೆಂಡಿನವರು ಬಿಡಿಸಿದರು. ಮರು ವರ್ಷ ಆಕೆಯ ತಲೆ ಹೋಯಿತು. ತನ್ನ ಲಿಪಿಯನ್ನು ಯಾರೂ ಓದಲಾರರು ಎಂಬ ನಂಬಿಕೆಯಲ್ಲೇ ಆಕೆ ಮನಸ್ಸಿನಲ್ಲಿದ್ದುದನ್ನೆಲ್ಲ ಪತ್ರಕ್ಕೆ ಹಾಕಿದ್ದಳು.

ಅಕ್ಷರ ಬದಲಿಸಿ ಮುಚ್ಚುವ ಈ ವಿದ್ಯೆ ಇವತ್ತಿನ ಕಂಪ್ಯೂಟರಿನಲ್ಲೂ ಇದೆ. ಅದು ನನಗೆ ತಿಳಿದದ್ದು ದೊಡ್ಡಪ್ಪನ ಮಗನಿಂದ. ಭಾಯಿಜಾನ್ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾರೆ, ಸಹಕಾರ ಸಂಘಗಳ ಸಾಲದ ಲೆಕ್ಕಕ್ಕೆ ಪ್ರೋಗ್ರಾಂ ಬರೆಯುತ್ತಾರೆ. ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡ ವಾಣಿಜ್ಯ ವಿದ್ಯಾರ್ಥಿಗಳಿಗೆ ಎಸ್‌ಕ್ಯುಎಲ್ ಪರಿಚಯ ಇದೆ. ಉಳಿದವರಿಗಾಗಿ ಹೇಳುತ್ತೇನೆ: ಡೇಟಾಬೇಸ್ ಎಂದರೆ ಲೆಕ್ಕದ ಪುಸ್ತಕಗಳು ತುಂಬಿದ ಬೀರು. ಅದರೊಳಗೇ ಪ್ರೊಸೀಜರ್ ಎಂಬ ಆಜ್ಞೆಗಳ ಸರಮಾಲೆಯನ್ನೂ ಇಡಬಹುದು. ಬಡ್ಡಿ ಎಷ್ಟು, ಕಂತು ತಪ್ಪಿದರೆ ದಂಡ ಎಷ್ಟು, ಅದನ್ನು ಯಾವ ದಿನದಿಂದ ಎಣಿಸಬೇಕು ಎಂಬುದೆಲ್ಲ ಅಲ್ಲಿರುತ್ತದೆ. ಕಂಪನಿ ಇದನ್ನು ಗಿರಾಕಿಯ ಕಂಪ್ಯೂಟರಿನಲ್ಲಿ ಹಾಕಿಕೊಟ್ಟ ಮೇಲೆ ಗಿರಾಕಿಯ ಡೇಟಾಬೇಸ್ ನೋಡಿಕೊಳ್ಳುವವನು ಆ ಸಾಲುಗಳನ್ನು ತೆರೆದು ಓದಬಹುದು, ನಕಲು ಮಾಡಿಕೊಳ್ಳಬಹುದು, ತಿದ್ದಲೂಬಹುದು.

ಅದನ್ನು ತಡೆಯಲು ಒರಾಕಲ್ ಡೇಟಾಬೇಸ್‌ನ ಜೊತೆಗೆ ರ‍್ಯಾಪ್ ಎಂಬ ಸಣ್ಣ ಉಪಕರಣ ಬರುತ್ತದೆ. ಇದಕ್ಕೆ ಮೌಸ್ ಬೇಕಿಲ್ಲ. ಕಪ್ಪು ಪರದೆಯ ಮೇಲೆ ರ‍್ಯಾಪ್ ಎಂದು ಟೈಪ್ ಮಾಡಿ, ಒಳಗೆ ಹೋಗುವ ಫೈಲಿನ ಹೆಸರು, ಹೊರಗೆ ಬರುವ ಫೈಲಿನ ಹೆಸರು ಕೊಟ್ಟು ಎಂಟರ್ ಒತ್ತಿದರೆ ಮುಗಿಯಿತು. ಹೊರಗೆ ಬಂದ ಫೈಲಿನ ಮೊದಲ ಸಾಲಿನಲ್ಲಿ ಪ್ರೊಸೀಜರಿನ ಹೆಸರು ಮತ್ತು ಇದು ಸುತ್ತಿಟ್ಟದ್ದು ಎಂಬ ಒಂದು ಪದ ಇರುತ್ತದೆ. ಕೆಳಗಿನದೆಲ್ಲ ಅರ್ಥವಿಲ್ಲದ ಅಕ್ಷರ, ಅಂಕಿಗಳ ರಾಶಿ. ಡೇಟಾಬೇಸ್ ಮಾತ್ರ ಅದನ್ನು ಮೊದಲಿನಂತೆಯೇ ಓದಿಕೊಂಡು ಬಡ್ಡಿ ಲೆಕ್ಕ ಹಾಕುತ್ತದೆ. ಸುತ್ತಿದ್ದನ್ನು ಬಿಚ್ಚಲು ಕಂಪನಿ ಉಪಕರಣ ಕೊಟ್ಟಿಲ್ಲ. ಆದ್ದರಿಂದ ಮೂಲ ಫೈಲನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಅದು ಕಳೆದರೆ ಮುಂದೆ ಒಂದು ಸಾಲು ತಿದ್ದಬೇಕೆಂದರೂ ಕಷ್ಟ.

ಈ ಸುತ್ತಿನ ಒಳಗೆ ನಡೆಯುವುದೇನು ಎಂದು ಭಾಯಿಜಾನ್ ವಿವರಿಸಿದಾಗ ನನಗೆ ನೆನಪಾದದ್ದು ಅಲ್-ಕಿಂದಿ. ಹಳೆಯ ಆವೃತ್ತಿಗಳಲ್ಲಿ ಟೇಬಲ್‌ಗಳ ಹೆಸರು, ಉದ್ಧರಣ ಚಿಹ್ನೆಯೊಳಗಿನ ಪದಗಳು ಹಾಗೇ ಕಾಣುತ್ತಿದ್ದವು. ಒಳಗೆ ಪಾಸ್‌ವರ್ಡ್ ಬರೆದಿದ್ದರೆ ಬರಿಗಣ್ಣಿಗೇ ಸಿಗುತ್ತಿತ್ತು. 10ಜಿ ಎಂಬ ಆವೃತ್ತಿಯಿಂದ ರೀತಿ ಬದಲಾಯಿತು. ಮೊದಲು ಬರಹವನ್ನು ಒತ್ತಿ ಚಿಕ್ಕದು ಮಾಡುತ್ತಾರೆ. ಆಮೇಲೆ ಅದರ ಒಂದೊಂದು ಬೈಟನ್ನೂ 256 ಮನೆಗಳ ಪಟ್ಟಿ ನೋಡಿ ಬೇರೊಂದಕ್ಕೆ ಬದಲಿಸುತ್ತಾರೆ. ಕೊನೆಗೆ ಪರದೆಯ ಮೇಲೆ ಕಾಣುವ ಅಕ್ಷರಗಳ ರೂಪಕ್ಕೆ ತರುತ್ತಾರೆ. ಮಧ್ಯದ ಹಂತ ಬಾಗ್ದಾದಿನ ಬರಹಗಾರರು ಮಾಡುತ್ತಿದ್ದುದೇ. ಅದರಲ್ಲೂ ಆ ಪಟ್ಟಿ ಎಲ್ಲರಿಗೂ ಒಂದೇ. ನನ್ನ ಗುಟ್ಟಿಗೆ ನನ್ನದೇ ಕೀಲಿ ಎಂಬುದು ಇಲ್ಲಿ ಇಲ್ಲ.

ಹಾಗಾದರೆ ಅಕ್ಷರ ಎಣಿಸಿ ಬಿಡಿಸಬಹುದೇ ಎಂದು ಕೇಳಿದೆ. ಎಣಿಕೆ ನೇರವಾಗಿ ನಡೆಯುವುದಿಲ್ಲವಂತೆ. ಬರಹವನ್ನು ಮೊದಲೇ ಒತ್ತಿರುವುದರಿಂದ ಹೆಚ್ಚು ಬರುವ ಅಕ್ಷರ, ಕಡಿಮೆ ಬರುವ ಅಕ್ಷರ ಎಂಬ ಏರಿಳಿತ ಸವೆದು ಹೋಗಿರುತ್ತದೆ. ಆದರೆ ಬಿಸ್ಮಿಲ್ಲಾದ ಉಪಾಯ ನಡೆಯುತ್ತದೆ. ಉಪಕರಣ ನಮ್ಮ ಕೈಯಲ್ಲೇ ಇದೆ. ನಮಗೆ ಗೊತ್ತಿರುವ ಸಾಲುಗಳನ್ನೇ ಬರೆದು, ಸುತ್ತಿಸಿ, ಏನು ಹಾಕಿದೆವು, ಏನು ಬಂತು ಎಂದು ಪಕ್ಕ ಪಕ್ಕ ಇಟ್ಟು ನೋಡಿದರೆ 256 ಮನೆಗಳೂ ಒಂದೊಂದಾಗಿ ತುಂಬುತ್ತವೆ. ಹಾಗೆ ತುಂಬಿದವರು ಇದ್ದಾರೆ, ಆ ಪಟ್ಟಿ ಈಗ ಗುಟ್ಟಾಗಿ ಉಳಿದಿಲ್ಲ. ಒಳಗೆ ಪಾಸ್‌ವರ್ಡ್ ಬಚ್ಚಿಡಲು ಇದು ಸುರಕ್ಷಿತ ವಿಧಾನವಲ್ಲ ಎಂದು ಒರಾಕಲ್ ತನ್ನ ಕೈಪಿಡಿಯಲ್ಲೇ ಎಚ್ಚರಿಸಿದೆ. ಇದು ಬೀಗ ಅಲ್ಲ, ಪರದೆ. ಕುತೂಹಲಕ್ಕೆ ಇಣುಕುವವನನ್ನು ತಡೆಯುತ್ತದೆ. ಕೂತು ಬಿಡಿಸುವವನನ್ನು ತಡೆಯುವುದಿಲ್ಲ.

ಇಲ್ಲಿ ನನಗೂ ಭಾಯಿಜಾನ್‌ಗೂ ಒಂದು ವಾದ ಆಯಿತು, ಅದು ಇನ್ನೂ ಮುಗಿದಿಲ್ಲ. ಆರು ತಿಂಗಳು ಕೂತು ಬರೆದ ಪ್ರೋಗ್ರಾಂ ಇನ್ನೊಬ್ಬರ ಪಾಲಾಗದಂತೆ ಮುಚ್ಚುವುದು ನ್ಯಾಯ ಎಂಬುದು ಅವರ ಮಾತು. ಸರಿಯೇ. ಆದರೆ ಲೆಕ್ಕಶಾಸ್ತ್ರದಲ್ಲಿ ನಾವು ಮೊದಲು ಕಲಿಯುವುದೇ ಪುಸ್ತಕವನ್ನು ಬೇರೆಯವರು ಪರೀಕ್ಷಿಸುವಂತೆ ಬರೆಯಬೇಕು ಎಂದು. ಸಾಲಗಾರನ ದಂಡದ ಬಡ್ಡಿ ಸುತ್ತಿಟ್ಟ ಸಾಲುಗಳೊಳಗೆ ಹುಟ್ಟಿದರೆ ಆಡಿಟರ್ ನೋಡುವುದು ಏನನ್ನು? ಬಂದ ಮೊತ್ತ ಕಾಣುತ್ತದೆ, ಅದು ಬಂದ ದಾರಿ ಕಾಣುವುದಿಲ್ಲ. ಕಳ್ಳರಿಂದ ಮುಚ್ಚುವುದು ಬೇರೆ, ಪರೀಕ್ಷಿಸುವವರಿಂದ ಮುಚ್ಚುವುದು ಬೇರೆ ಎಂದು ನಾನು ಹೇಳುತ್ತೇನೆ. ಉಪಕರಣಕ್ಕೆ ಮಾತ್ರ ಆ ವ್ಯತ್ಯಾಸ ತಿಳಿಯುವುದಿಲ್ಲ.

ಅಲ್-ಕಿಂದಿಯವರ ಬದುಕಿನಲ್ಲೂ ಪುಸ್ತಕಗಳು ಮುಚ್ಚಿಹೋದ ಒಂದು ಕಾಲ ಬಂತು. 847ರಲ್ಲಿ ಮುತವಕ್ಕಿಲ್ ಖಲೀಫರಾದರು. ಆಸ್ಥಾನದ ಗಾಳಿ ಬದಲಾಯಿತು. ಬನೂ ಮೂಸಾ ಎಂದು ಹೆಸರಾದ ಸಹೋದರರು ಆ ಕಾಲದ ದೊಡ್ಡ ಗಣಿತಜ್ಞರು, ಯಂತ್ರಗಳನ್ನು ಮಾಡುವುದರಲ್ಲಿ ನಿಪುಣರು. ಅವರಲ್ಲಿ ಮುಹಮ್ಮದ್ ಮತ್ತು ಅಹ್ಮದ್ ಇಬ್ಬರಿಗೆ ಬೇರೆ ವಿದ್ವಾಂಸರು ಖಲೀಫರ ಹತ್ತಿರ ಇರುವುದು ಸಹಿಸುತ್ತಿರಲಿಲ್ಲ. ಅವರು ಚಾಡಿ ಹೇಳಿ ಅಲ್-ಕಿಂದಿಯವರ ಮೇಲೆ ಖಲೀಫರ ಸಿಟ್ಟು ತಿರುಗಿಸಿದರು. ವಯಸ್ಸಾಗಿದ್ದ ವಿದ್ವಾಂಸರಿಗೆ ಏಟು ಬಿತ್ತು. ಅವರ ಮನೆಯ ಪುಸ್ತಕಗಳನ್ನೆಲ್ಲ ಹೊತ್ತು ತಂದು ಬೇರೆ ಕಡೆ ಇಟ್ಟರು. ಆ ಸಂಗ್ರಹಕ್ಕೆ ಕಿಂದಿಯ್ಯಾ ಎಂದೇ ಹೆಸರಾಯಿತು. ಈ ಕಥೆಯನ್ನು ಹೇಳಿದವರು ಹದಿಮೂರನೇ ಶತಮಾನದ ವೈದ್ಯ ಇಬ್ನ್ ಅಬೀ ಉಸೈಬಿಯಾ. ವೈದ್ಯರ ಚರಿತ್ರೆ ಬರೆದ ಅವರು ಹಳಬರ ಮಾತನ್ನು ಆಧರಿಸಿ ಮುಂದಿನದನ್ನೂ ಹೇಳುತ್ತಾರೆ.

ಖಲೀಫರು ಹೊಸ ಊರು ಕಟ್ಟಿಸುತ್ತಿದ್ದರು. ಅದಕ್ಕೆ ಟೈಗ್ರಿಸ್ ನದಿಯಿಂದ ಜಾಫರಿ ಎಂಬ ಕಾಲುವೆ ತೆಗೆಯುವ ಕೆಲಸ ಬನೂ ಮೂಸಾ ಸಹೋದರರಿಗೆ ಸಿಕ್ಕಿತು. ಅವರು ಅದನ್ನು ಫರ್ಗಾನಿ ಎಂಬವರಿಗೆ ಒಪ್ಪಿಸಿದರು. ಫರ್ಗಾನಿ ಹೆಸರುವಾಸಿ ಖಗೋಳ ವಿದ್ವಾಂಸರು. ಆದರೆ ಈ ಕೆಲಸದಲ್ಲಿ ಲೆಕ್ಕ ತಪ್ಪಿತು. ಕಾಲುವೆಯ ಬಾಯಿ ಉಳಿದ ಭಾಗಕ್ಕಿಂತ ಆಳವಾಯಿತು. ನದಿ ಇಳಿದಾಗ ಬಾಯಿಯಲ್ಲಿ ನೀರು ನಿಲ್ಲುತ್ತದೆ, ಮುಂದೆ ಹರಿಯುವುದಿಲ್ಲ. ಹಣ ನೀರಿನಂತೆ ಖರ್ಚಾಗಿತ್ತು. ಸುದ್ದಿ ಖಲೀಫರಿಗೆ ಮುಟ್ಟಿತು. ತಪ್ಪು ನಿಜವಾದರೆ ಸಹೋದರರನ್ನು ಆ ಕಾಲುವೆಯ ದಡದಲ್ಲೇ ಶಿಲುಬೆಗೇರಿಸುವುದಾಗಿ ಹೇಳಿ, ಪರೀಕ್ಷಿಸಲು ಸನದ್ ಇಬ್ನ್ ಅಲಿ ಎಂಬ ಇನ್ನೊಬ್ಬ ವಿದ್ವಾಂಸರನ್ನು ಕರೆಸಿದರು. ಈ ಸನದರನ್ನೂ ಸಹೋದರರು ಹಿಂದೆ ಆಸ್ಥಾನದಿಂದ ದೂರ ತಳ್ಳಿದ್ದರು. ಈಗ ಜೀವ ಅವರ ಕೈಯಲ್ಲಿ.

ಸಹೋದರರು ಬಂದು ಬೇಡಿಕೊಂಡರು. ಸನದರಿಗೂ ಅಲ್-ಕಿಂದಿಯವರಿಗೂ ಆಗುತ್ತಿರಲಿಲ್ಲ, ಅದು ಎಲ್ಲರಿಗೂ ಗೊತ್ತಿದ್ದ ವಿಷಯ. ಆದರೂ ಅವರು ಇಟ್ಟ ಷರತ್ತು ಒಂದೇ: ಅಲ್-ಕಿಂದಿಯ ಪುಸ್ತಕಗಳನ್ನು ವಾಪಸ್ ಕೊಟ್ಟ ಹೊರತು ಮಾತಿಲ್ಲ. ಮುಹಮ್ಮದ್ ಪುಸ್ತಕಗಳನ್ನೆಲ್ಲ ಹಿಂದಿರುಗಿಸಿದರು. ಒಂದೂ ಬಿಡದಂತೆ ತಲುಪಿವೆ ಎಂದು ಅಲ್-ಕಿಂದಿಯವರ ಕೈಬರಹದ ರಸೀದಿಯನ್ನೂ ತಂದು ತೋರಿಸಿದರು. ಇಷ್ಟೆಲ್ಲ ಜೀವನ್ಮರಣದ ನಡುವೆಯೂ ರಸೀದಿ ಮರೆಯಲಿಲ್ಲ ಎಂಬುದು ನನಗೆ ಬಹಳ ಹಿಡಿಸಿದ ಭಾಗ.

ಸನದ್ ಆಮೇಲೆ ಒಂದು ಲೆಕ್ಕ ಹಾಕಿದರು. ನದಿ ತುಂಬಿ ಹರಿಯುವ ಕಾಲ ಅದು, ನಾಲ್ಕು ತಿಂಗಳು ಕಾಲುವೆಯ ತಪ್ಪು ನೀರಿನಡಿಯಲ್ಲಿ ಕಾಣದೆ ಇರುತ್ತದೆ. ಖಲೀಫರು ಅಲ್ಲಿಯವರೆಗೆ ಬದುಕುವುದಿಲ್ಲ ಎಂದು ಜ್ಯೋತಿಷಿಗಳು ಹೇಳುತ್ತಿದ್ದರು. ಕಾಲುವೆಯಲ್ಲಿ ದೋಷ ಇಲ್ಲ ಎಂದು ಸನದ್ ವರದಿ ಕೊಟ್ಟರು. ನೀರು ಹರಿಯಿತು, ಖಲೀಫರು ಸಂತೋಷಪಟ್ಟರು. ನದಿ ಇಳಿಯುವ ಮೊದಲೇ, 861ರಲ್ಲಿ ಮುತವಕ್ಕಿಲ್ ಕೊಲೆಯಾದರು. ಸನದ್ ಕೊಟ್ಟದ್ದು ಸುಳ್ಳು ಆಡಿಟ್ ವರದಿ, ಅದರಲ್ಲಿ ಅನುಮಾನ ಇಲ್ಲ. ಆದರೆ ವೈರಿಯ ಪುಸ್ತಕಗಳಿಗಾಗಿ ತನ್ನ ತಲೆಯನ್ನೂ ಪಣಕ್ಕಿಟ್ಟ ಮನುಷ್ಯನನ್ನು ಬಯ್ಯಲು ನನಗೆ ಮನಸ್ಸು ಬರುತ್ತಿಲ್ಲ.

ಅಲ್-ಕಿಂದಿ 873ರ ಸುಮಾರಿಗೆ ಬಾಗ್ದಾದಿನಲ್ಲಿ ತೀರಿಕೊಂಡರು. ಅವರ ಕೆಲವು ಗ್ರಂಥಗಳು ಲ್ಯಾಟಿನ್‌ಗೆ ಹೋದವು, ಯುರೋಪಿನವರು ಅವರನ್ನು ಅಲ್ಕಿಂದಸ್ ಎಂದು ಕರೆದರು. ಮುಅಮ್ಮಾ ಗ್ರಂಥಕ್ಕೆ ಆ ಅದೃಷ್ಟ ಇರಲಿಲ್ಲ. ಇಬ್ನ್ ನದೀಮರ ಪಟ್ಟಿಯಲ್ಲಿ ಹೆಸರು ಇತ್ತು, ಪುಸ್ತಕ ಎಲ್ಲೂ ಕಾಣುತ್ತಿರಲಿಲ್ಲ. ಅರಬರು ಗುಟ್ಟಿನ ಲಿಪಿಯನ್ನು ಬಿಡಿಸಿದ್ದರು ಎಂಬುದಕ್ಕೆ ಇಪ್ಪತ್ತನೇ ಶತಮಾನದ ಇತಿಹಾಸಕಾರರು ಹದಿನಾಲ್ಕು, ಹದಿನೈದನೇ ಶತಮಾನದ ಬರಹಗಳನ್ನೇ ನೆಚ್ಚಿಕೊಳ್ಳಬೇಕಾಗಿತ್ತು. ಪ್ರತಿಯೊಂದು ಇಸ್ತಾಂಬುಲಿನ ಸುಲೈಮಾನಿಯಾ ಗ್ರಂಥಾಲಯದಲ್ಲಿ, ಬೇರೆ ಬರಹಗಳ ಜೊತೆ ಒಂದೇ ಕಟ್ಟಿನಲ್ಲಿ ಸೇರಿಕೊಂಡು ಕೂತಿತ್ತು. ಅದನ್ನು ಯಾರೂ ಬಚ್ಚಿಟ್ಟಿರಲಿಲ್ಲ. ಸಿರಿಯಾದ ಮೂವರು ವಿದ್ವಾಂಸರು ಅದನ್ನು ಓದಿ, ತಿದ್ದಿ, 1987ರಲ್ಲಿ ದಮಾಸ್ಕಸ್‌ನಲ್ಲಿ ಅಚ್ಚು ಹಾಕಿಸಿದರು. 3,667 ಅಕ್ಷರಗಳ ಆ ಎಣಿಕೆಯೂ, ಅಲಿಫ್‌ನಿಂದ ಹಿಡಿದು, ಅದರಲ್ಲೇ ಇದೆ.